ಬಾಲದವರು ಕಟ್ಟಿದ ಬುತ್ತಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಮೊದಲ ಕೆರೆಯಲ್ಲಿ ಮೊದಲ ಗೊದಮೊಟ್ಟೆ ಈಜುತ್ತಿತ್ತು. ಅದರ ಮೈಯೆಂದರೆ ಕಣ್ಣಿಗೆ ಕಾಣದ ಜೀವಕಣಗಳ ಊರು. ಬಾಲದ ತುದಿಯಲ್ಲಿ ಹೊನ್ನವ್ವ ಎಂಬ ಕಣ ಇದ್ದಳು. ಗಟ್ಟಿಗಿತ್ತಿ! ಬಾಲ ಬೀಸುವುದರಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ.

ಆ ಊರಲ್ಲೊಂದು ಪದ್ಧತಿ. ಕೆಲಸ ಮುಗಿದವರಿಗೆ ಗಂಟಲಿನ ಕಡೆಯಿಂದ ಕರೆ ಬರುತ್ತಿತ್ತು: "ಸಾಕವ್ವಾ, ಹೊರಡು." ಆಗ ಅವರು ತಮ್ಮನ್ನೇ ಪುಟ್ಟ ಪುಟ್ಟ ಬುತ್ತಿ ಕಟ್ಟಿ ನೆರೆಯವರಿಗೆ ಕೊಟ್ಟುಬಿಡುತ್ತಿದ್ದರು. ಅಳು ಇಲ್ಲ, ಗಲಾಟೆ ಇಲ್ಲ.

ಒಂದು ಬೇಸಿಗೆ ಕೆರೆ ಬತ್ತತೊಡಗಿತು. ಕಾಲು ಬಲಿತು, ಕಪ್ಪೆಯಾಗಿ ದಡಕ್ಕೆ ಹಾರದಿದ್ದರೆ ಗೊದಮೊಟ್ಟೆಗೆ ಸಾವೇ ಗತಿ. ಕರೆ ಬಂತು: "ಬಾಲದವರೆಲ್ಲ ಹೊರಡಿ!"

"ಏಳೇ ಹೊನ್ನಿ, ನನ್ನ ಬುತ್ತಿ ಆಯ್ತು," ಎಂದಳು ಪಕ್ಕದ ಸಿದ್ದವ್ವ.

"ಹೋಗೇ, ನಾನ್ಯಾಕೆ ಸಾಯಲಿ? ಇಷ್ಟು ದಿನ ದುಡಿದದ್ದು ಇದಕ್ಕಾ?"

ಹೊನ್ನವ್ವ ಕಿವಿ ಮುಚ್ಚಿಕೊಂಡಳು. ಒಬ್ಬಳಿದ್ದವಳು ಇಬ್ಬರಾದಳು, ಇಬ್ಬರು ನಾಲ್ವರಾದರು. ಹುಟ್ಟಿದವರೆಲ್ಲ ಅವಳಂತೆಯೇ ಮೊಂಡರು! ಕಾಲಿಗೆ ಹೋಗುವ ಅನ್ನವನ್ನೆಲ್ಲ ದಾರಿಯಲ್ಲೇ ತಿಂದುಬಿಟ್ಟರು. ಬಾಲದ ಮೋಟಿನಲ್ಲಿ ದೊಡ್ಡ ಗಡ್ಡೆ ಎದ್ದಿತು. ಹೀಗೆ ಹೊರಡಲೊಲ್ಲದವರು ಬೆಳೆಸಿದ ಗಡ್ಡೆಗೇ ಈಗಿನವರು ಕ್ಯಾನ್ಸರ್ ಅನ್ನುವುದು.

ಪಾಪ, ಕಪ್ಪೆ ಹಾರಲು ನೋಡಿತು. ಕಾಲು ನೂಲಿನಷ್ಟು ಸಣ್ಣ, ಗಡ್ಡೆ ಭಾರ. ದೊಪ್ಪನೆ ಕೆಸರಿಗೆ ಬಿತ್ತು. ಎದೆಬಡಿತ ನಿಧಾನವಾಯಿತು. ಹೊನ್ನವ್ವನಿಗೆ ಅದು ಕೇಳಿಸಿತು.

"ಅಯ್ಯೋ, ಈ ಮೈಯೇ ಹೋದರೆ ನನ್ನ ಮಕ್ಕಳು ಎಲ್ಲಿರಬೇಕು?"

ರಕ್ತದಲ್ಲಿ ಗಸ್ತು ತಿರುಗುವ ಬಿಳಿಯಜ್ಜ ಅಲ್ಲಿಗೇ ಬಂದ. ಅವಳು ಅವನ ಕೈ ಹಿಡಿದುಕೊಂಡಳು. "ಅಜ್ಜಾ, ಬುತ್ತಿ ಕಟ್ಟೋದು ನನಗೆ ಬರೋದಿಲ್ಲ. ಯಾರೂ ಕಲಿಸಲಿಲ್ಲ."

"ಅದನ್ನ ಯಾರೂ ಕಲಿಸೋದಿಲ್ಲ ಮಗಳೇ. ನಿನ್ನೊಳಗೇ ನೋಡಿಕೋ."

ನೋಡಿದಳು. ಅಬ್ಬಬ್ಬಾ! ಹುಟ್ಟಿದಾಗಲೇ ಯಾರೋ ಮಡಿಸಿಟ್ಟ ಬುತ್ತಿಬಟ್ಟೆ ಅವಳೊಳಗೆ ಹೊಚ್ಚಹೊಸದಾಗಿ ಕಾದು ಕೂತಿತ್ತು. ಬದುಕುವುದಕ್ಕೆ ಏನೇನು ಬೇಕೋ ಅದರ ಜೊತೆಗೇ ಇದನ್ನೂ ಇಟ್ಟು ಕಳಿಸಿದ್ದರು. ಹೊನ್ನವ್ವ ಸೆರಗು ಬಿಗಿದು ಕೂತು ಕಟ್ಟತೊಡಗಿದಳು. ಅವ್ವನನ್ನು ನೋಡಿ ಮಕ್ಕಳೂ ಒಬ್ಬೊಬ್ಬರಾಗಿ ಕಟ್ಟಿದರು.

ಗಡ್ಡೆ ಕರಗಿತು. ಬುತ್ತಿ ಉಂಡು ತೊಡೆ ತುಂಬಿತು. ಕೆರೆಯ ಕೊನೆಯ ಹನಿ ಆರುವ ಮೊದಲೇ ಕಪ್ಪೆ ಚಂಗನೆ ದಡಕ್ಕೆ ನೆಗೆಯಿತು.

ಅದಕ್ಕೇ ಮಗಾ, ಇವತ್ತಿಗೂ ಕಪ್ಪೆಗೆ ಬಾಲವಿಲ್ಲ. ಅದು ನಿನ್ನೆದುರು ನೆಗೆದಾಗಲೆಲ್ಲ ಬಾಲದವರೂ ಅದರ ಕಾಲೊಳಗಿಂದ ನೆಗೆಯುತ್ತಾರೆ.