ಎಣಿಸದ ಕುರಿಗಳು

ಕಲ್ಲಹಾಳ ಮಠದ ಪೂಜ್ಯ ಶ್ರೀ ಮಹಾಂತಲಿಂಗ ಅಜ್ಜನವರಿಗೆ ಗದ್ದುಗೆಗಿಂತ ಅಡುಗೆಮನೆಯ ಕಟ್ಟೆಯೇ ಪ್ರಿಯವಾಗಿತ್ತು. ದಾಸೋಹದ ಜೋಳವನ್ನು ತಾವೇ ಮೊರದಲ್ಲಿ ಹಸನು ಮಾಡುತ್ತ ಬಂದವರ ಕಷ್ಟಸುಖ ಕೇಳುತ್ತಿದ್ದರು. ಮಠದ ಶಾಲೆಯ ಮಕ್ಕಳಂತೂ ಪಾಠ ಮುಗಿಯಿತೆಂದರೆ ಅವರ ಸುತ್ತಲೇ. ಅಂಥ ಗುರುವಿನ ನೆರಳು ಸಿಕ್ಕ ಆ ಮಕ್ಕಳ ಪುಣ್ಯ ನೆನೆದರೆ ನನಗೆ ತುಸು ಹೊಟ್ಟೆಕಿಚ್ಚೂ ಆಗುತ್ತದೆ.

ಒಂದು ಬೆಳಿಗ್ಗೆ ಶಾಲೆಯ ಪರಪ್ಪ ಮಾಸ್ತರರು ಮುಖ ಸಪ್ಪಗೆ ಮಾಡಿಕೊಂಡು ಬಂದರು. ಅವರ ಹಿಂದೆ ಕುರಿಗಾರ ಲಕ್ಕಪ್ಪ, ಅವನ ಕಂಬಳಿಯ ಚುಂಗು ಹಿಡಿದುಕೊಂಡು ಮಗಳು ಮಾಯವ್ವ. ಲಕ್ಕಪ್ಪನ ಹಿಂಡು ಅಂದೇ ಬೇರೆ ಸೀಮೆಗೆ ಹೊರಡುವುದಿತ್ತು. ಮಗಳನ್ನು ಶಾಲೆಯಲ್ಲಿ ಬಿಟ್ಟುಹೋಗಬೇಕೋ, ಓದು ಬಿಡಿಸಿ ಕರೆದೊಯ್ಯಬೇಕೋ ಎಂಬುದು ಮಾಸ್ತರರ ಒಂದು ಮಾತಿನ ಮೇಲೆ ನಿಂತಿತ್ತು. ಮಾಸ್ತರರು ಕೈಚೆಲ್ಲಿದ್ದರು.

ಅವರೇನು ಕೆಟ್ಟವರಲ್ಲ, ಪಾಪ. ಪುಸ್ತಕದ ರೈಲು, ಹಡಗುಗಳ ಲೆಕ್ಕ ಈ ಕೂಸಿಗೆ ಹಿಡಿಸದೆಂದು ಅವಳಿಗಾಗಿಯೇ ಕುರಿಗಳ ಲೆಕ್ಕ ಕಟ್ಟಿದ್ದರು. ನಿಮ್ಮಪ್ಪನ ಹಿಂಡಿನಲ್ಲಿ ಕುರಿ ಎಷ್ಟು? ಐದು ಹೋದರೆ ಉಳಿಯುವುದೆಷ್ಟು? ಮಾಯವ್ವ ಬಾಯಿ ಬಿಡಲಿಲ್ಲ. ಮತ್ತೆ ಕೇಳಿದರೆ ಅತ್ತುಬಿಟ್ಟಳು. ತನ್ನ ಮನೆಯ ಕುರಿಯ ಲೆಕ್ಕವೇ ಬಾರದವಳಿಗೆ ವಿದ್ಯೆ ಹತ್ತುವುದಿಲ್ಲವೆಂದು ಮಾಸ್ತರರು ನೊಂದುಕೊಂಡೇ ಅರಿಕೆ ಮಾಡಿದರು.

ಅಜ್ಜನವರು ಮೊರ ಕೆಳಗಿಟ್ಟು ಮಾಯವ್ವನನ್ನು ಹತ್ತಿರ ಕೂರಿಸಿಕೊಂಡರು. ಯಾಕೆ ಹೇಳಲಿಲ್ಲವೆಂದು ಮೆಲ್ಲಗೆ ಕೇಳಿದರು.

"ಕುರಿ ಎಣಸಬಾರದ್ರೀ ಅಜ್ಜಾ. ಎಣಸಿದ್ರ ದೃಷ್ಟಿ ಆಗತೈತಿ, ಸಾಯ್ತಾವು."

ಲಕ್ಕಪ್ಪ ಹೌದೆಂದು ತಲೆಯಾಡಿಸಿದ. ಅವರಲ್ಲಿ ಯಾರೂ ಕುರಿ ಎಣಿಸುವುದಿಲ್ಲ. ಒಂದೊಂದರ ಮುಖ ನೋಡಿ, ಹೆಸರು ಹಿಡಿದು ಕರೆದು ಹಟ್ಟಿಗೆ ಸೇರಿಸುತ್ತಾರೆ.

ಮಾಸ್ತರರಿಗೆ ನಗು ಬಂತು. ಇಂಥ ಮೂಢನಂಬಿಕೆ ಬಿಡಿಸಲೆಂದೇ ಅಲ್ಲವೇ ಶಾಲೆ ಎಂದರು. ಅಜ್ಜನವರೂ ನಕ್ಕರು.

"ಮಾಸ್ತರ, ನಿಮ್ಮ ಕೂಸಿನ ಗಲ್ಲಕ್ಕ ಕಾಡಿಗಿ ಬೊಟ್ಟು ಯಾರು ಇಡತಾರ?"

ಮಾಸ್ತರರ ನಗು ಅಲ್ಲೇ ನಿಂತಿತು. ಬಹಳ ವರ್ಷ ಹರಕೆ ಹೊತ್ತು ಪಡೆದ ಮಗನಿಗೆ ದಿನವೂ ಬೊಟ್ಟು ಇಡುತ್ತಿದ್ದವರು ಅವರೇ. ಅಂದೂ ಇಟ್ಟು ಬಂದಿದ್ದರು, ಬೆರಳ ತುದಿ ಇನ್ನೂ ಕಪ್ಪಾಗಿತ್ತು.

"ಆಕೀಗೂ ಕುರಿ ಮ್ಯಾಲ ಅಷ್ಟ ಅಕ್ಕರತಿ. ಐದು ಹೋದ್ರ ಅಂತ ಕೇಳಿದ್ರಿ. ಯಾವ ಐದು ಹೋಗಲಿ ಅಂತ ಆಕಿ ಹೇಳಬೇಕು?"

ಮಾಸ್ತರರ ಕಣ್ಣು ತುಂಬಿದವು. ಅವರು ಮಾಯವ್ವನ ಎದುರು ಕುಕ್ಕರಗಾಲಲ್ಲಿ ಕೂತು, ಕುರಿಗಳ ಹೆಸರು ಹೇಳುತ್ತೀಯಾ ಎಂದು ಕೇಳಿದರು. ಅಷ್ಟು ದಿನ ಮೂಕಿಯಂತಿದ್ದ ಹುಡುಗಿ ಚಂದ್ರಿ, ಮೋಟಗಿವಿ, ಬೆಳ್ಳಿ ಎಂದು ಶುರುಮಾಡಿದವಳು ನಿಲ್ಲಿಸಲೇ ಇಲ್ಲ. ಮಗಳನ್ನು ಬಿಟ್ಟುಹೋಗೆಂದು ಮಾಸ್ತರರು ತಾವೇ ಲಕ್ಕಪ್ಪನನ್ನು ಬೇಡಿಕೊಂಡರು.

ಅಂದಿನಿಂದ ಮಾಯವ್ವನ ಅಕ್ಷರಗಳು ಕುರಿಗಳ ಹೆಸರಿನಿಂದ ಹುಟ್ಟಿದವು. ಲೆಕ್ಕಕ್ಕೆ ಕಂಬಳಿಯ ಎಳೆಗಳು ಬಂದವು, ಅವನ್ನು ಎಣಿಸಿದರೆ ಯಾರಿಗೂ ಕೇಡಿಲ್ಲ. ಹೊಸ ಮಗು ಶಾಲೆಗೆ ಬಂದರೆ ಮಾಸ್ತರರು ಮೊದಲು ಅದರ ಮನೆಗೆ ಹೋಗಿ ಕೂತು, ರೊಟ್ಟಿ ತಿಂದು, ಆಮೇಲೆಯೇ ಪಾಠ ಕಟ್ಟುತ್ತಿದ್ದರು.

ಹಿಂಡು ತಿರುಗಿ ಬಂದ ದಿನ ಮಾಯವ್ವ ಸುಣ್ಣ ಬಳಿದ ಶಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದೂ ಬಿಡದೆ ಎಲ್ಲ ಹೆಸರು ಬರೆದು ಅಪ್ಪನಿಗೆ ಓದಿ ಹೇಳಿದಳು. ಅಜ್ಜನವರು ಬಾಗಿಲಲ್ಲಿ ನಿಂತು ಕೇಳುತ್ತಿದ್ದರು. ರೂಢಿಯಂತೆ ಮಾಸ್ತರರ ಬೆರಳು ಹೆಸರುಗಳನ್ನು ಎಣಿಸಲು ಮೇಲೆದ್ದಿತು. ಮಾಯವ್ವ ಗಾಬರಿಯಿಂದ ನೋಡಿದಳು. ಮಾಸ್ತರರು ಎಣಿಸಲಿಲ್ಲ. ಬೆಳಗಿನ ಕಾಡಿಗೆ ಉಳಿದಿದ್ದ ಅದೇ ಬೆರಳಿನಿಂದ, ಆ ಹೆಸರುಗಳ ಪಕ್ಕದಲ್ಲಿ, ಗೋಡೆಗೊಂದು ದೃಷ್ಟಿಬೊಟ್ಟು ಇಟ್ಟರು.