ಸರಪಳಿ ಕಡತಕ್ಕೆ ಸಿಗದ ನಾನೂರು ಖಂಡುಗ

"ಕೇಳಿರಪ್ಪೋ ಕೇಳಿ! ಹಿರೇಹೊಳಲಿನ ರಾಣಿ ಮುದ್ದಾಜಮ್ಮಣ್ಣಿಯವರು ಮೂರು ಒಗಟು ಹಾಕುತ್ತಾರೆ. ಬಿಡಿಸಿ, ಬಿಡಿಸಿದ್ದನ್ನು ಕಣ್ಣಿಗೆ ಕಾಣುವ ಹಾಗೆ ತೋರಿಸಿದವನಿಗೆ ಹಿರಿಯ ಕರಣಿಕನ ಪಟ್ಟ. ತಪ್ಪಿದವನಿಗೆ ತಲೆದಂಡ. ಸೋಮವಾರದೊಳಗೆ ಯಾರೂ ಬಿಡಿಸದಿದ್ದರೆ ಕಣಜದ ಕಾವಲುಗಾರ ಕಾಳಯ್ಯನಿಗೆ ಗಲ್ಲು!"

ಡಂಗುರದವನು ಕೊನೆಯ ಮಾತು ಕೂಗಿದಾಗ ಓಬಯ್ಯ ಸಂತೆಯಲ್ಲಿ ಕೂಲಿಗೆ ರಾಗಿ ಅಳೆಯುತ್ತಿದ್ದ. ಕೊಳಗ ಕೈಜಾರಿತು. ಕಾಳಯ್ಯ ಅವನ ಒಡಹುಟ್ಟಿದ ಅಣ್ಣ.

ಆಗಿದ್ದಿಷ್ಟು. ಏಳು ವರ್ಷದ ಹಿಂದೆ ರಾಣಿ ಪಟ್ಟಕ್ಕೆ ಬಂದ ಹೊಸದರಲ್ಲಿ ವಿರೂಪಣ್ಣನೆಂಬ ಪಂಡಿತ ಸರಪಳಿ ಕಡತವನ್ನು ತಂದಿದ್ದ. ಕಣಜದ ಲೆಕ್ಕದ ಪ್ರತಿಯೊಂದು ಓಲೆಯ ತಲೆಯಲ್ಲೂ ಹಿಂದಿನ ಓಲೆಯ ಅಕ್ಷರಗಳನ್ನೆಣಿಸಿ ಹಾಕಿದ ಗುರುತಿರಬೇಕು, ಏಳು ಪಟ್ಟಣಗಳಲ್ಲಿ ಏಳು ನಕಲು ಇರಬೇಕು. ಎಲ್ಲೋ ಒಂದಕ್ಷರ ತಿದ್ದಿದರೂ ಮುಂದಿನದೆಲ್ಲ ತಾಳೆ ತಪ್ಪಿ ಕಳ್ಳ ಸಿಕ್ಕಿಬೀಳುತ್ತಾನೆ. ಈಗಿನವರು ಬ್ಲಾಕ್‌ಚೈನ್ ಅಂತ ಬೀಗುತ್ತಾರಲ್ಲ, ಹೆಚ್ಚುಕಡಿಮೆ ಅದೇ. ಇನ್ನು ವರ್ಷ ವರ್ಷ ಕಣಜ ತೆಗೆದು ಅಳೆಯುವುದು ಬೇಡವೆಂದು ಆಜ್ಞೆಯೂ ಹೊರಟಿತು. ಈ ವರ್ಷ ಗೋಡೆ ಬಿರುಕುಬಿಟ್ಟಿತೆಂದು ಕಣಜ ಖಾಲಿ ಮಾಡಿಸಿದರೆ ನಾನೂರು ಖಂಡುಗ ರಾಗಿ ಕಡಿಮೆ! ಕಡತ ಸುಳ್ಳು ಹೇಳುವುದಿಲ್ಲ, ಹಾಗಾದರೆ ಕಾವಲುಗಾರನೇ ಕದ್ದ. ಎಷ್ಟು ಸಲೀಸು ನೋಡಿ.

ಗುರುವಾರ ಕಾಶಿಯಲ್ಲಿ ಓದಿ ಬಂದವನೊಬ್ಬ ಆಸ್ಥಾನದಲ್ಲಿ ನಿಂತ. ರಾಣಿ ಕೇಳಿದರು: "ಅಳಿಸಲು ಬರುವುದಿಲ್ಲ, ತಿದ್ದಲು ಬರುವುದಿಲ್ಲ. ಆದರೂ ಸುಳ್ಳು. ಏನದು?"

"ಹಣೆಬರಹ" ಎಂದ.

"ತೋರಿಸಿ" ಎಂದರು ರಾಣಿ. ಹಣೆ ಮುಟ್ಟಿಕೊಂಡೇ ಅವನು ಸೋಮವಾರದ ತಲೆದಂಡಕ್ಕೆಂದು ಸೆರೆಮನೆಗೆ ಹೋದ.

ಶುಕ್ರವಾರ ಇನ್ನೊಬ್ಬ "ಕಲ್ಲಿನ ಶಾಸನ" ಎಂದ. ಯಾವ ಶಾಸನ ಸುಳ್ಳೆಂದು ಕೇಳಿದರೆ ತಾನೇ ಸೆರೆಮನೆಯ ಕಡೆ ನಡೆದ. ಊರಿನ ಶಾಸನಗಳೆಲ್ಲ ರಾಣಿಯ ತಾತನವೇ. ಭಾನುವಾರ ವಿರೂಪಣ್ಣನೇ ಬಂದು, "ತಿದ್ದಲಾಗದ್ದು ಸುಳ್ಳಾಗಲು ಸಾಧ್ಯವೇ ಇಲ್ಲ" ಎಂದು ಎದೆ ಉಬ್ಬಿಸಿದ. ಅವನನ್ನೂ ಒಳಗೆ ಹಾಕಿದರು.

ಸೋಮವಾರ ಬೆಳಿಗ್ಗೆ ಕಾಳಯ್ಯನನ್ನು ಕೈಕಟ್ಟಿ ತಂದು ನಿಲ್ಲಿಸಿದ್ದರು. ಓಬಯ್ಯ ಮುಂದೆ ಬಂದ.

"ಬೇಡ ಕಣೋ, ಹೋಗು! ಅವ್ವಂಗೆ ನೀನಾದ್ರೂ ಉಳ್ಕೊ" ಎಂದು ಅಣ್ಣ ಕೂಗಿದ.

ಓಬಯ್ಯ ಅತ್ತ ನೋಡಲಿಲ್ಲ. ಮೊದಲ ಒಗಟು ಕೇಳಿ, "ತಾಯಿ, ಒಂದು ಕೊಳಗ, ಒಂದು ಮೂಟೆ ರಾಗಿ ತರಿಸ್ಕೊಡಿ" ಎಂದ.

ತಂದರು. ಅವನು ಕೊಳಗ ತುಂಬಿ ಅಂಗೈಯಿಂದ ಅದರ ತಲೆ ಸವರಿ ಸಮ ಮಾಡಿದ. "ರೈತರ ಹತ್ರ ಈಸ್ಕೊಳ್ಳೋದು ಹಿಂಗೆ." ಅದನ್ನು ಸುರಿದು ಮತ್ತೆ ತುಂಬಿದ, ಈ ಸಲ ಗೋಪುರದ ಹಾಗೆ. "ಕಣಜದಿಂದ ಕೊಡೋದು ಹಿಂಗೆ. ಮಡಿಲೊಡ್ಡಿದೋರಿಗೆ ಸವರಿ ಕೊಡಬಾರದು ಅಂತ ನಿಮ್ಮಜ್ಜಿಯವರು ಮಾಡಿದ ಮರ್ಯಾದೆ. ಕಡತದಲ್ಲಿ ಅದೂ ಒಂದು ಕೊಳಗ, ಇದೂ ಒಂದು ಕೊಳಗ. ಮೊದಲು ವರ್ಷಕ್ಕೊಂದ್ಸಲ ಅಳೆದು, ಹೆಚ್ಚಿಗೆ ಹೋದದ್ದನ್ನ ಕಳೆದು ಬರೀತಿದ್ರು. ಈಗ ಅಳೆಯೋರೇ ಇಲ್ಲ. ಬರೆಯುವಾಗ್ಲೇ ತಪ್ಪಾದ್ದನ್ನ ಆಮೇಲೆ ಯಾರೂ ತಿದ್ದದಂಗೆ ಕಾಯ್ತಾ ಕೂತವ್ರೆ, ತಾಯಿ. ಆ ಕಡತವೇ ಉತ್ತರ."

ಮೇಲಿನ ಗೋಪುರವನ್ನು ಮೊರಕ್ಕೆ ಸವರಿ ಅಳೆದರು. ಕರಣಿಕರು ಏಳು ವರ್ಷ ಕೊಟ್ಟ ಕೊಳಗಗಳಿಗೆ ಅದನ್ನು ಗುಣಿಸಿದರು. ನಾನೂರಕ್ಕೆ ಒಂದೆರಡು ಖಂಡುಗ ವ್ಯತ್ಯಾಸ, ಅಷ್ಟೇ.

"ಎರಡನೆಯದು" ಎಂದರು ರಾಣಿ. "ಸಾಕ್ಷಿ ಏಳು, ಕಣ್ಣು ಒಂದೂ ಇಲ್ಲ."

ನಕಲು ಬರೆದಿಡುವ ಏಳು ಪಟ್ಟಣದ ಓಲೆಕಾರರು ಅಲ್ಲೇ ಸಾಲಾಗಿ ಕೂತಿದ್ದರು. ಓಬಯ್ಯ ಅವರ ಕಡೆ ತಿರುಗಿದ. "ಅಣ್ಣಂದಿರಾ, ನಿಮ್ಮಲ್ಲಿ ಯಾರಾದ್ರೂ ಕಣಜದ ರಾಗಿ ಕಣ್ಣಾರೆ ಕಂಡಿದ್ದೀರಾ?"

"ಇಲ್ಲಪ್ಪ" ಎಂದ ಹಿರಿಯ. "ಇಲ್ಲಿಂದ ಬಂದದ್ದನ್ನು ಹಾಗೇ ಇಳಿಸಿಕೊಂಡೆವು." ಉಳಿದ ಆರು ಮಂದಿ ತಲೆ ತಗ್ಗಿಸಿದರು. ಏಳು ನಕಲುಗಳೇ ಆ ಕುರುಡು ಸಾಕ್ಷಿಗಳೆಂದು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮಂತ್ರಿ ಎದ್ದು ಗಂಟಲು ಸರಿಮಾಡಿಕೊಂಡ. "ಒಂದು ತಪ್ಪಿದರೂ ತಲೆದಂಡವೇ. ಅಣ್ಣನದೂ ತಮ್ಮನದೂ."

ರಾಣಿ ಮೂರನೆಯದನ್ನು ಕೇಳಿದರು: "ಕೈ ನೂರು, ತಲೆ ಒಂದೂ ಇಲ್ಲ. ಅದು ಎಡವಿದರೆ ಯಾರನ್ನು ಹಿಡಿಯಬೇಕು?"

ಓಬಯ್ಯನಿಗೆ ಉತ್ತರ ಥಟ್ಟನೆ ಹೊಳೆಯಿತು. ಯಾಕಾದರೂ ಹೊಳೆಯಿತೋ ಎನಿಸಿತು. ವಿರೂಪಣ್ಣನ ಹೆಸರು ಹೇಳಿದರೆ ಎಲ್ಲರಿಗೂ ಸಮಾಧಾನ, ಅಣ್ಣನ ಜೊತೆ ಮಧ್ಯಾಹ್ನದ ಊಟಕ್ಕೆ ಮನೆ ಸೇರಬಹುದು. ಆದರೆ ಅಣ್ಣನ ಕುತ್ತಿಗೆಯಿಂದ ಹಗ್ಗ ಬಿಚ್ಚಿ ಇನ್ನೊಬ್ಬ ನಿರಪರಾಧಿಗೆ ಹಾಕಿದಂತಾಗುತ್ತದೆ. ವಿರೂಪಣ್ಣ ಜಂಬದವನು ನಿಜ. ಅಳೆಯಬೇಡಿ ಎಂದು ಆಜ್ಞೆ ಹೊರಡಿಸುವ ಅಧಿಕಾರ ಅವನಿಗೆಲ್ಲಿತ್ತು?

"ನೂರು ಕೈ ಬರೆದ ಕಡತ ಅದು. ಅಳೆಯೋದು ಬೇಡ ಅಂತ ಮುದ್ರೆ ಒತ್ತಿದೋರನ್ನ ಹಿಡಿಯಬೇಕು, ತಾಯಿ."

"ಹೆಸರು ಹೇಳು."

"ನಿಮ್ಮನ್ನ."

ಕಾವಲಿನವರ ಕೈ ಕತ್ತಿಗೆ ಹೋಯಿತು. ಮಂತ್ರಿ ಕೂಗಾಡತೊಡಗಿದ. ಓಬಯ್ಯ ನಿಂತಲ್ಲೇ ನಿಂತು, "ತೋರಿಸಬೇಕು ಅಂದಿದ್ರಿ. ಕಡತದ ಮೊದಲನೇ ಓಲೆ ಓದಿಸಿ" ಎಂದ. ಓದಿದರು. ಅಲ್ಲಿ ಆಜ್ಞೆಯಿತ್ತು, ಅದರ ಕೆಳಗೆ ರಾಣಿಯ ಮುದ್ರೆಯಿತ್ತು.

"ಮೊದಲೆರಡು ನನಗಿದ್ದ ಅನುಮಾನ" ಎಂದರು ರಾಣಿ ಮೆಲ್ಲಗೆ. "ಮೂರನೆಯದಕ್ಕೆ ಉತ್ತರ ಗೊತ್ತಿತ್ತು. ನಾಲಗೆ ಏಳಲಿಲ್ಲ. ಯಾರಾದರೂ ಹೇಳಲಿ ಎಂದು ಕಾದೆ." ಒಬ್ಬನ ಪ್ರಾಣವನ್ನು ಪಣಕ್ಕಿಟ್ಟು ಕಾಯುವುದು ಎಂಥ ಕಾಯುವಿಕೆಯೋ, ಅದು ದೊಡ್ಡವರಿಗೇ ಗೊತ್ತು.

ಕಾಳಯ್ಯನ ಕಟ್ಟು ಬಿಚ್ಚಿದರು, ಸೆರೆಯಲ್ಲಿದ್ದ ಮೂವರನ್ನೂ ಬಿಟ್ಟರು. ಕರಣಿಕನ ಪಟ್ಟಕ್ಕೆ ಓಬಯ್ಯ ಎರಡು ಷರತ್ತು ಹಾಕಿದ: ವರ್ಷಕ್ಕೊಮ್ಮೆ ಊರವರೆದುರು ಕಣಜ ತೆಗೆದು ಅಳೆಯಬೇಕು, ಬರೆಸಿದವರು ಪ್ರತಿ ಸಾಲಿನ ಕೆಳಗೆ ತಮ್ಮ ಹೆಸರು ಹಾಕಬೇಕು.

"ಹಾಗಾದರೆ ನನ್ನಿಂದಲೇ ಶುರುವಾಗಲಿ" ಎಂದು ರಾಣಿ ಹೊಸ ಓಲೆ ತೆಗೆದುಕೊಂಡು ಸ್ವಂತ ಕೈಯಲ್ಲಿ ಬರೆದರು: ನಾನೂರು ಖಂಡುಗ ಕಡಿಮೆ. ಕಾವಲುಗಾರ ಕದ್ದಿಲ್ಲ. ತಪ್ಪು ಮುದ್ದಾಜಮ್ಮಣ್ಣಿಯದು.

ಮಂತ್ರಿ ಬಗ್ಗಿ ಕಿವಿಯಲ್ಲಿ ಹೇಳಿದ: "ಅಮ್ಮಾವ್ರೇ, ಯೋಚನೆ ಮಾಡಿ. ಇದನ್ನು ಇನ್ನು ಯಾವ ಕಾಲಕ್ಕೂ ಅಳಿಸಲು ಬರುವುದಿಲ್ಲ."

"ಗೊತ್ತು" ಎಂದರು ರಾಣಿ. "ಏಳೂ ಪಟ್ಟಣಕ್ಕೆ ಕಳಿಸಿ."