ಕನ್ನಡಿಯ ತೂತು

"ಗುರುಗಳೇ, ಹಳೆಯ ಎರಡು ವಸ್ತುಗಳನ್ನು ಜೋಡಿಸಿದವನು ಅದನ್ನು ತನ್ನ ಹೊಸ ಕೆಲಸವೆಂದು ಹೇಳಿಕೊಳ್ಳಬಹುದೇ? ಅದು ಯಾರಿಗಾದರೂ ಹೊಳೆಯುವಂಥದ್ದಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಮಠಕ್ಕೆ ಬರುವ ಮುನ್ನ ನಲವತ್ತು ವರ್ಷ ವ್ಯಾಪಾರ ಮಾಡಿದವರು. "ಪೇಟೆಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿ ಇಲ್ಲಿಗೆ ಬಂದೆ. ಇಲ್ಲಿಗೂ ಬಂತೇ!" ಎಂದು ಹಣೆ ಒತ್ತಿಕೊಂಡರು. ಆಮೇಲೆ ಹೇಳತೊಡಗಿದರು.

ಒಂದೂರಿನಲ್ಲಿ ಗಾಜಿನ ಕೆಲಸದವನೊಬ್ಬನಿದ್ದ. ಅಲ್ಲಿಯ ವೈದ್ಯರಿಗೆ ರೋಗಿಯ ಕಿವಿಯೊಳಗೆ ನೋಡುವುದೇ ಕಷ್ಟವಾಗಿತ್ತು. ದೀಪವನ್ನು ಬೆನ್ನ ಹಿಂದಿಟ್ಟರೆ ಅವರ ತಲೆಯ ನೆರಳೇ ಅಡ್ಡ ಬರುತ್ತಿತ್ತು; ಮುಂದೆ ಹಿಡಿದರೆ ಬೆಳಕು ಅವರ ಕಣ್ಣನ್ನೇ ಕುಕ್ಕುತ್ತಿತ್ತು. ಗಾಜಿನ ಕೆಲಸದವನು ಹನ್ನೆರಡು ವರ್ಷ ಇದರ ಹಿಂದೆಯೇ ಬಿದ್ದ. ಕೊನೆಗೆ ಪುಟ್ಟ ಕನ್ನಡಿಯೊಂದರ ನಡುವೆ ತೂತು ಕೊರೆದು, ಅದರ ಹಿಂದೆ ಭೂತಗನ್ನಡಿ ಕೂಡಿಸಿದ. ಕನ್ನಡಿ ದೀಪದ ಬೆಳಕನ್ನು ಕಿವಿಯೊಳಗೆ ತಿರುಗಿಸಿತು. ತೂತಿಗೆ ಕಣ್ಣಿಟ್ಟ ವೈದ್ಯರಿಗೆ ಒಳಗಿನದೆಲ್ಲ ದೊಡ್ಡದಾಗಿ ಕಂಡಿತು.

ಹತ್ತು ವರ್ಷ ಬೇರೆ ಯಾರೂ ಇದನ್ನು ಮಾಡದಂತೆ ಸನ್ನದು ಕೊಡಿ ಎಂದು ಅವನು ಅಧಿಕಾರಿಯನ್ನು ಕೇಳಿಕೊಂಡ. ಸನ್ನದು ಸಿಗದಿದ್ದರೆ ದೊಡ್ಡ ಅಂಗಡಿಗಳವರು ವಾರದೊಳಗೆ ನಕಲು ಮಾಡುತ್ತಿದ್ದರು. ಅವನು ಅಂಗಡಿಯ ಬಾಗಿಲು ಹಾಕಬೇಕಾಗುತ್ತಿತ್ತು.

ಕನ್ನಡಿ ವ್ಯಾಪಾರಿಯೊಬ್ಬ ತಕರಾರು ಎತ್ತಿದ. "ಕನ್ನಡಿ ನಮ್ಮಜ್ಜನ ಕಾಲದ್ದು, ಭೂತಗನ್ನಡಿ ನಮ್ಮಪ್ಪನ ಕಾಲದ್ದು. ಇದರಲ್ಲಿ ಇವನದೇನಿದೆ ಸ್ವಾಮಿ, ಆ ತೂತೇ?" ಕೂತವರೆಲ್ಲ ನಕ್ಕರು. ಅಧಿಕಾರಿಯೂ ನಕ್ಕು ಅರ್ಜಿಯನ್ನು ತಳ್ಳಿಹಾಕಿದ.

ಗಾಜಿನ ಕೆಲಸದವನು ನ್ಯಾಯಾಧೀಶರಿಗೆ ಮೇಲ್ಮನವಿ ಕೊಟ್ಟ. ಕನ್ನಡಿ ವ್ಯಾಪಾರಿ ಅಲ್ಲಿಗೂ ಬಂದ. ತೂತು ಕೊರೆದ ಕನ್ನಡಿಯೊಂದನ್ನು ಹೊರತೆಗೆದು, ಎಲ್ಲರ ಎದುರೇ ಅದಕ್ಕೆ ಭೂತಗನ್ನಡಿ ಸಿಕ್ಕಿಸಿ, "ನೋಡಿ, ಎಷ್ಟು ಹೊತ್ತು ಹಿಡಿಯಿತು?" ಎಂದ.

"ನೀನು ಹೊರಗೆ ಕೂತಿರು" ಎಂದರು ನ್ಯಾಯಾಧೀಶರು.

ಆ ಉಪಕರಣವನ್ನು ಕಂಡೇ ಇರದ ದೂರದೂರಿನ ವ್ಯಾಪಾರಿಯೊಬ್ಬನನ್ನು ಅವರು ಕರೆಸಿದರು. ಅವನು ಮೂವತ್ತು ವರ್ಷದಿಂದ ಕನ್ನಡಿಯನ್ನೂ ಭೂತಗನ್ನಡಿಯನ್ನೂ ಮಾರುತ್ತಿದ್ದವನು. ಅವನ ಮುಂದೆ ಎರಡನ್ನೂ ಒಂದೊಂದು ಇಟ್ಟು, ಕೊರೆಯುವ ಸಲಕರಣೆಯನ್ನೂ ಇಟ್ಟು, ವೈದ್ಯರ ತೊಂದರೆಯನ್ನೆಲ್ಲ ವಿವರಿಸಿ, ಏನಾದರೊಂದು ದಾರಿ ಹುಡುಕಲು ಹೇಳಿದರು. ವ್ಯಾಪಾರಿ ಸಂಜೆಯವರೆಗೂ ತಿರುಗಿಸಿ ಮುರುಗಿಸಿ ನೋಡಿದ. ಕೊನೆಗೆ ಎರಡನ್ನೂ ಪಂಚೆಯ ಚುಂಗಿನಿಂದ ಒರೆಸಿಟ್ಟು, "ಮಾಲು ಎರಡೂ ಚೊಕ್ಕವಾಗಿವೆ ಬುದ್ಧಿ. ಬೇರೆ ಬೇರೆ ಕಟ್ಟಿಕೊಡಲೇ?" ಎಂದ.

ಗಾಜಿನ ಕೆಲಸದವನಿಗೆ ಅಂದೇ ಸನ್ನದು ಸಿಕ್ಕಿತು.

ಕತೆ ಮುಗಿಯಿತು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಇಷ್ಟೇ ತಾನೇ ಗುರುಗಳೇ? ಅದನ್ನು ಕಾಣದವನನ್ನು ಕರೆಸಿ ಪರೀಕ್ಷಿಸುವುದರಲ್ಲಿ ಏನು ದೊಡ್ಡಸ್ತಿಕೆ? ಆ ಉಪಾಯ ನನಗೂ ಹೊಳೆಯುತ್ತಿತ್ತು" ಎಂದ.

ಗುರುಗಳು ಅವನನ್ನೊಮ್ಮೆ ನೋಡಿ ಹೇಳಿದರು: "ಹೊಳೆಯುತ್ತದಪ್ಪಾ, ನಾನು ಹೇಳಿ ಮುಗಿಸಿದ ಮೇಲೆ."